ಆ ಕೋಣೆ ಖಾಲಿ ಇರಲಿಲ್ಲ

ಕಳೆದ ತಿಂಗಳು ನನ್ನ ಮೈದುನನ ಫೋಟೊ ಸ್ಟುಡಿಯೊದ ಹಳೆಯ ದಿನಗಳನ್ನು ನೆನೆಯುವ ಒಂದು ಸಮಾರಂಭ ಇಟ್ಟುಕೊಂಡಿದ್ದರು. ಶಾಮಿಯಾನ, ಹಾರ, ಶಾಲು, ಮೈಕು ಎಲ್ಲ ಇತ್ತು. ಹಿರಿಯಳೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೈದುನ ಮೈಕು ಹಿಡಿದು ಶುರು ಮಾಡಿದ.

"ನಮ್ಮನೆ ಹಿತ್ಲಲ್ಲಿ ಒಂದು ಖಾಲಿ ಕೋಣೆ ಇತ್ತು. ನಾನೂ ನನ್ನ ಸ್ನೇಹಿತನೂ ಸೇರ್ಕೊಂಡು ಅದನ್ನೇ ಡಾರ್ಕ್‌ರೂಮ್ ಮಾಡ್ಕೊಂಡ್ವಿ. ಆಮೇಲೆ ಬಿಸಿನೆಸ್ ಬೆಳೀತು, ಜಾಗ ಸಾಲ್ದೆ ಮೇನ್ ರೋಡಿಗೆ ಬಂದ್ವಿ."

ಜನ ಚಪ್ಪಾಳೆ ತಟ್ಟಿದರು. ನಾನು ಕೈಯಲ್ಲಿದ್ದ ಖಾರಾಭಾತ್ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಎದ್ದು ಮನೆಗೆ ಬಂದೆ. ಶುಗರ್ ಹೆಚ್ಚು ಕಡಿಮೆ ಆಗಿರಬೇಕು ಎಂದು ಎಲ್ಲರೂ ಅಂದುಕೊಂಡರಂತೆ. ಶುಗರೂ ಅಲ್ಲ, ಏನೂ ಅಲ್ಲ. ಸಿಟ್ಟು. ಖಾಲಿ ಕೋಣೆಯಂತೆ! ಆ ಕೋಣೆಯೊಳಗೆ ನಾನು ಇದ್ದೆ. ಅಕ್ಕ ಇದ್ದಳು. ನಮ್ಮನ್ನು ಎತ್ತಿ ಆಚೆ ಹಾಕಿ ಆಮೇಲೆ ಖಾಲಿ ಅಂದರು. ಇವನು ಹೇಳದೆ ಬಿಟ್ಟದ್ದನ್ನು ನಾನಾದರೂ ಬರೆದಿಡಬೇಕು.

ನಾನು ಮದುವೆಯಾಗಿ ಆ ಮನೆಗೆ ಬಂದದ್ದು ಜಯನಗರ ಇನ್ನೂ ಕೆಂಪು ಮಣ್ಣಿನ ರಸ್ತೆ, ಸುಣ್ಣದ ಗೆರೆ, ಅಲ್ಲೊಂದು ಇಲ್ಲೊಂದು ಮನೆಯಾಗಿದ್ದಾಗ. ನಮ್ಮದು ಯಡಿಯೂರು ಕಡೆಯ ಹಳೆಯ ಮನೆತನ. ಮಾವನವರ ರಾಗಿ ಹೊಲವೆಲ್ಲ ಲೇಔಟಿಗೆ ಹೋಗಿ, ಬಂದ ಪರಿಹಾರದಲ್ಲಿ ತಾರಸಿ ಮನೆ ಎದ್ದಿತ್ತು. ಮುಂದೆ ಬಾಡಿಗೆಗೆ ಎರಡು ಭಾಗ, ಹಿಂದೆ ನಾವು, ಅದರ ಹಿಂದೆ ಬಾವಿ, ತೆಂಗಿನ ಮರ, ಹಿತ್ತಲು. ಆ ಹಿತ್ತಲ ಮೂಲೆಯಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ. ಅದಕ್ಕೆ ಮನೆಯಲ್ಲಿ 'ಹೊರಗಿನ ಕೋಣೆ' ಎಂದು ಹೆಸರು. ತಿಂಗಳ ಮೂರು ದಿನ ಹೆಂಗಸರು ಕೂರುವ ಕೋಣೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹೊಲ ಇದ್ದಾಗ ಆ ಮನೆಯಲ್ಲಿ ಇಷ್ಟೊಂದು ಮಡಿ ಇರಲಿಲ್ಲ. ಕಳೆ ಕೀಳುವ ಕಾಲಕ್ಕೆ ಮೂರು ದಿನ ಕೈಕಟ್ಟಿ ಕೂತರೆ ಹೊಲ ಯಾರು ನೋಡಬೇಕು? ಅಡುಗೆಮನೆಗೆ ಹೋಗುತ್ತಿರಲಿಲ್ಲ, ದೇವರ ಹತ್ತಿರ ಸುಳಿಯುತ್ತಿರಲಿಲ್ಲ, ಅಷ್ಟೇ. ಇದನ್ನು ನನಗೆ ಅತ್ತೆಯೇ ಬಾಯಿ ತಪ್ಪಿ ಹೇಳಿದ್ದರು. ಹೊಲ ಹೋಗಿ ಬಾಡಿಗೆ ಬರತೊಡಗಿದ ಮೇಲೆ, ಅಕ್ಕಪಕ್ಕದಲ್ಲಿ ಆಫೀಸರುಗಳು ಮನೆ ಕಟ್ಟಿದ ಮೇಲೆ, ನಾವೂ ಏನೂ ಕಡಿಮೆಯಿಲ್ಲ ಎಂದು ತೋರಿಸಬೇಕಾಯಿತು. ಮನೆಗೆ ಗ್ರಿಲ್ ಬಂತು, ರೇಡಿಯೊ ಬಂತು, ಜೊತೆಗೆ ಈ ಕೋಣೆಯೂ ಬಂತು. ಗಂಡಸರ ದೊಡ್ಡಸ್ತಿಕೆಗೆ ಹೆಂಗಸರು ಕತ್ತಲಲ್ಲಿ ಕೂರಬೇಕಿತ್ತು.

ನನಗೆ ಆಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮೊದಲ ಸಲ ಅಲ್ಲಿ ಕೂರಿಸಿ ಬಾಗಿಲು ಮುಂದಕ್ಕೆಳೆದುಕೊಂಡಾಗ ಅತ್ತುಬಿಟ್ಟಿದ್ದೆ. ಅಳು ನಿಲ್ಲಿಸಿ ಕಣ್ಣೊರೆಸಿಕೊಂಡು ನೋಡುತ್ತೇನೆ, ಎದುರಿನ ಗೋಡೆಯ ಮೇಲೆ ತೆಂಗಿನ ಮರ ತಲೆಕೆಳಗಾಗಿ ನಿಂತಿದೆ! ಗರಿ ಕೆಳಗೆ, ಬುಡ ಮೇಲೆ. ಗರಿ ಅಲುಗಾಡುತ್ತಿದೆ. ಅದರ ಪಕ್ಕದಲ್ಲಿ ಅತ್ತೆ ತಲೆ ಕೆಳಗೆ ಮಾಡಿಕೊಂಡು ಬಾವಿಯ ಕಡೆ ಹೋಗುತ್ತಿದ್ದಾರೆ, ಕೈಯಲ್ಲಿ ಕೊಡ. ಹೆದರಿ ಚೀರುವುದರಲ್ಲಿದ್ದೆ. ಆಮೇಲೆ ಗೊತ್ತಾಯಿತು. ಬಾಗಿಲಿನಲ್ಲಿ ಹಳೆಯ ಚಿಲಕದ ಮೊಳೆ ಬಿದ್ದುಹೋಗಿ ಒಂದು ಸಣ್ಣ ತೂತು ಉಳಿದಿತ್ತು. ಬಿಸಿಲು ಹಿತ್ತಲಿಗೆ ಬಿದ್ದಾಗ ಇಡೀ ಹಿತ್ತಲು ಆ ತೂತಿನಿಂದ ಒಳಗೆ ಬಂದು ಗೋಡೆಯ ಮೇಲೆ ಬೀಳುತ್ತಿತ್ತು.

ಆಮೇಲೆ ಆ ಮೂರು ದಿನಗಳಿಗೆ ನಾನು ಕಾಯತೊಡಗಿದೆ. ಇದನ್ನು ಓದಿ ನಗುವವರು ನಗಲಿ. ಉಳಿದ ದಿನ ಬೆಳಗಿನಿಂದ ರಾತ್ರಿಯವರೆಗೆ ಒಲೆ, ಬಾವಿ, ಬಟ್ಟೆ. ಅಲ್ಲಿ ಯಾರೂ ನನ್ನನ್ನು ಕೂಗುವಂತಿರಲಿಲ್ಲ, ನಾನೇ ಎಲ್ಲರನ್ನೂ ನೋಡುತ್ತಿದ್ದೆ. ಸೆರಗನ್ನು ತೂತಿನ ಹತ್ತಿರ ಹಿಡಿದರೆ ಚಿತ್ರ ಚಿಕ್ಕದಾಗಿ ಬೆಳ್ಳಗೆ ಮೂಡುತ್ತಿತ್ತು, ದೂರ ಹಿಡಿದರೆ ದೊಡ್ಡದಾಗಿ ಮಸುಕಾಗುತ್ತಿತ್ತು. ಮಾವನವರನ್ನು ಸೆರಗಿನಲ್ಲಿ ಹಿಡಿದು ಅಂಗೈ ಅಗಲ ಮಾಡಿದ್ದೇನೆ. ಎದುರಿಗೆ ಬಂದರೆ ತಲೆ ಎತ್ತದ ನಾನು!

ನನ್ನ ಗಂಡನ ಅಣ್ಣನ ಹೆಂಡತಿಯೂ ಆ ಕೋಣೆಯಲ್ಲಿ ಕೂರುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಾತೇ ಇಲ್ಲದ ಹೆಂಗಸು. ಬೈದರೆ ಕೊಡ ಹಿಡಿದು ನಿಂತಲ್ಲೇ ನಿಲ್ಲುತ್ತಿದ್ದಳು, ಬೈಗುಳ ಮುಗಿದ ಮೇಲೆ ಮುಂದೆ ನಡೆಯುತ್ತಿದ್ದಳು. ತೂತಿನ ವಿಷಯ ಹೇಳಿದಾಗ, "ನಾನೂ ನೋಡಿದೀನಿ ಕಣೆ" ಎಂದಷ್ಟೇ ಅಂದು ನಕ್ಕಳು.

ಹೀಗಿರುವಾಗ ಮೈದುನನಿಗೆ ಫೋಟೊ ಹುಚ್ಚು ಹಿಡಿಯಿತು. ಬಿ.ಎಸ್ಸಿ. ಮುಗಿಸಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಜೊತೆಗೊಬ್ಬ ಸ್ನೇಹಿತ, ಹನುಮಂತನಗರದ ಕಡೆಯವನು, ಮೂಲ ತಿಪಟೂರು ಸೀಮೆ, ಹಣೆ ತುಂಬ ವಿಭೂತಿ, ಆಫೀಸಿನಲ್ಲಿ ಗುಮಾಸ್ತ. ಭಾನುವಾರ ಬಂದರೆ ಇಬ್ಬರೂ ಸೈಕಲ್ಲಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಹೊರಡುತ್ತಿದ್ದರು. ತೆಗೆದದ್ದನ್ನು ತೊಳೆಸಲು ಬೇರೆಯವರಿಗೆ ಕೊಟ್ಟು ಕೊಟ್ಟು ಸಾಕಾಗಿ, ತಾವೇ ಸೇರಿ ಒಂದು ಡಾರ್ಕ್‌ರೂಮ್, ಮುಂದಿನ ಜಗುಲಿಯಲ್ಲಿ ಪರದೆ ಕಟ್ಟಿ ಒಂದು ಸ್ಟುಡಿಯೊ ಮಾಡುವುದೆಂದು ತೀರ್ಮಾನಿಸಿದರು. ಊರು ಬಿಟ್ಟು ಹೋಗುತ್ತಿದ್ದ ಯಾರೋ ಕಂಟೋನ್ಮೆಂಟಿನವರ ಹಳೆಯ ಎನ್‌ಲಾರ್ಜರ್, ಫೋಟೊ ದೊಡ್ಡದು ಮಾಡುವ ಉದ್ದ ಕತ್ತಿನ ಯಂತ್ರ, ಸಿಕ್ಕಿತು. ಬೇಕಾದದ್ದು ಕತ್ತಲು ಮಾತ್ರ.

ಮೋಡ ಕವಿದ ಒಂದು ಭಾನುವಾರ ಇಬ್ಬರೂ ಮನೆಯೆಲ್ಲ ಸುತ್ತಿ ಹಿತ್ತಲ ಕೋಣೆಯ ಬಾಗಿಲು ತೆರೆದರು. ಸ್ನೇಹಿತ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, "ಗುರು, ಸಖತ್ತಾಗಿದೆ! ಕೈಗೆ ಕೈ ಕಾಣಲ್ಲ!" ಎಂದು ಕೂಗಿದ. ಮೈದುನ ಮಾವನವರನ್ನು ಕೇಳಿದ.

"ತಗೊಳ್ರೋ, ಖಾಲಿ ಬಿದ್ದೈತಲ್ಲ" ಎಂದರು ಮಾವ.

ನಾನು ಅಲ್ಲೇ ಬಟ್ಟೆ ಒಗೆಯುತ್ತಿದ್ದೆ. ಅಕ್ಕ ನೀರು ಸೇದುತ್ತಿದ್ದಳು. ಖಾಲಿ! ಹಿಂದಿನ ವಾರವಷ್ಟೇ ಅಕ್ಕ ಅಲ್ಲಿಂದ ಎದ್ದು ಬಂದಿದ್ದಳು, ಅವಳ ಚಾಪೆಯೂ ಲೋಟವೂ ಇನ್ನೂ ಅಲ್ಲೇ ಇದ್ದವು. ಎದುರಿಗೇ ನಿಂತ ಇಬ್ಬರು ಹೆಂಗಸರು ಆ ಮನುಷ್ಯನಿಗೆ ಕಾಣಲಿಲ್ಲ. ನಾನು ಅತ್ತೆಯ ಹತ್ತಿರ ಹೋಗಿ, "ನಾವೆಲ್ಲಿ ಕೂರೋದು?" ಎಂದು ಕೇಳಿದೆ.

"ಸೌದೆ ಹಾಕ್ತೀವಲ್ಲ, ಅಲ್ಲಿ ತಗಡಿನ ಕೆಳಗೆ ಕೂತ್ಕೊಳಿ. ನಾವೇನು ಬಂಗ್ಲೇಲಿ ಕೂತಿದ್ವಾ?"

ಗಂಡನ ಹತ್ತಿರ ಹೇಳಿಕೊಂಡೆ. "ಇದೆಲ್ಲ ಹೆಂಗಸರ ವಿಷ್ಯ, ಅಮ್ಮನ್ನ ಕೇಳು" ಎಂದು ಪೇಪರ್ ಮಗುಚಿದರು. ಅಮ್ಮನನ್ನು ಕೇಳಿಯೇ ಅವರ ಹತ್ತಿರ ಬಂದಿದ್ದೆ.

ಕೋಣೆಗೆ ಸಗಣಿ ಸಾರಿಸಿ, ಅರಿಶಿನದ ನೀರು ಚಿಮುಕಿಸಿ, ಸುಣ್ಣ ಬಳಿದು ಶುದ್ಧ ಮಾಡಿದರು. ಮಾಡಿದರು ಎಂದರೆ ಯಾರು? ನಾನು ಮತ್ತು ಅಕ್ಕ. ನಮ್ಮದೇ ಮೈಲಿಗೆಯನ್ನು ನಾವೇ ತೊಳೆದುಕೊಟ್ಟೆವು. ಎನ್‌ಲಾರ್ಜರ್ ಬಂತು, ಕೆಂಪು ಬಲ್ಬು ಬಂತು, ಮೂರು ಟ್ರೇ, ಕಂದು ಬಣ್ಣದ ಸೀಸೆಗಳು, ಕರಿ ಕಾಗದದಲ್ಲಿ ಸುತ್ತಿದ ಫೋಟೊ ಪೇಪರಿನ ಡಬ್ಬಿಗಳು ಬಂದವು. ಇಬ್ಬರಿಗೂ ಕೆಲಸವಿದ್ದುದರಿಂದ ಭಾನುವಾರ ಹಗಲು ಹೊತ್ತಿನಲ್ಲೇ ಕೂರುತ್ತಿದ್ದರು.

ಮೊದಲ ಪ್ರಿಂಟ್ ನೋಡಲು ಮಾತ್ರ ಬಿಸಿಲಿಳಿದ ಮೇಲೆ ಮನೆಯವರನ್ನೆಲ್ಲ ಒಳಗೆ ಕರೆದರು. ಕೆಂಪು ಬೆಳಕಿನಲ್ಲಿ ಮೈದುನ ಬಿಳಿ ಹಾಳೆಯನ್ನು ಮೊದಲನೆಯ ಟ್ರೇಗೆ ಬಿಟ್ಟು ಅಲುಗಾಡಿಸಿದ. ನೋಡನೋಡುತ್ತ ಮಾವನವರ ಮೀಸೆ ಬಂತು, ಪೇಟ ಬಂತು, ಮುಖ ಬಂತು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ನನ್ನ ಗೋಡೆಯ ಮೇಲೆ ಬಂದು ಹೋಗುತ್ತಿದ್ದದ್ದನ್ನು ಇವರು ಹೋಗದ ಹಾಗೆ ನಿಲ್ಲಿಸಿದ್ದರು! ನನಗೂ ಒಂದೇ ಒಂದು ಮಾಡಬೇಕು ಅನಿಸಿತು. ಆ ಆಸೆ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಆದರೆ ಆ ಮೊದಲನೆಯದರ ನಂತರದವು ಒಂದೂ ಸರಿಯಾಗಲಿಲ್ಲ. ಎಲ್ಲಕ್ಕೂ ಬೂದು ಕಲೆ. ಪೇಪರ್ ಹಳೆಯದೆಂದು ಬೈದರು, ಔಷಧಿ ಕೆಟ್ಟಿದೆಯೆಂದು ಚೆಲ್ಲಿದರು. ನನಗೆ ತಡೆಯಲಾಗಲಿಲ್ಲ. "ಬಾಗಿಲಲ್ಲಿ ಮೊಳೆ ತೂತಿದೆ ನೋಡಿ, ಬಿಸಿಲು ಬಂದಾಗ ಅಲ್ಲಿಂದ ಬೆಳಕು ಬರತ್ತೆ" ಎಂದೆ. ಮೈದುನ ಹುಡುಕಿ, ಬಟ್ಟೆ ಉಂಡೆ ತುರುಕಿ, ಮೇಲೆ ಮೇಣ ಮೆತ್ತಿದ. "ಥ್ಯಾಂಕ್ಸ್ ಅತ್ತಿಗೆ" ಎಂದ. ನನ್ನ ಸಿನಿಮಾಗೆ ನಾನೇ ಪರದೆ ಎಳೆದುಕೊಂಡ ಹಾಗಾಯಿತು.

ಅದರ ಬಹುಮಾನವಾಗಿ ನನಗೆ ಒಂದು ಕೆಲಸ ಸಿಕ್ಕಿತು. ಪ್ರಿಂಟುಗಳನ್ನು ಕೊನೆಗೆ ಚೆನ್ನಾಗಿ ನೀರಿನಲ್ಲಿ ಜಾಲಿಸಬೇಕಲ್ಲ, ಅದು ನನ್ನ ಪಾಲಿಗೆ. "ಒಗೆಯೋದು ನಿಮಗೆ ಅಭ್ಯಾಸ ಅಲ್ವಾ ಅತ್ತಿಗೆ" ಎಂದ. ಬಾವಿಯ ಪಕ್ಕದ ಕಲ್ಲುತೊಟ್ಟಿಯಲ್ಲಿ ಯಾರ್ಯಾರದೋ ಮದುವೆ, ನಾಮಕರಣ, ಶಾಲೆಯ ಗುಂಪು ಎಲ್ಲ ಜಾಲಿಸಿ ಬಟ್ಟೆಯ ಜೊತೆ ದಾರಕ್ಕೆ ಸಿಕ್ಕಿಸುತ್ತಿದ್ದೆ. ಬಾಗಿಲ ಹೊರಗೆ ಕಾಯುತ್ತ ಅವರ ಮಾತು ಕೇಳಿ ಯಾವ ಟ್ರೇ ಯಾವುದಕ್ಕೆ, ಎಷ್ಟು ಹೊತ್ತು, ಯಾವುದರ ಮೇಲೆ ಬೆಳಕು ಬೀಳಬಾರದು ಎಲ್ಲ ತಿಳಿದುಕೊಂಡೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಒಂದು ನಾನು ಮಾಡ್ಲಾ?"

ಇಬ್ಬರೂ ನಕ್ಕರು. "ಪೇಪರ್ ಸಿಗದೇ ಒದ್ದಾಡ್ತಾ ಇದೀವಿ ಅತ್ತಿಗೆ. ಅದು ರೊಟ್ಟಿ ತಟ್ಟಿದಂಗಲ್ಲ."

ರೊಟ್ಟಿ ತಟ್ಟುವುದು ಸುಲಭ ಎಂದು ಅವನಿಗೆ ಯಾರು ಹೇಳಿದ್ದರೋ.

ಮಳೆಗಾಲ ಬಂತು. ಸೌದೆಯ ತಗಡಿನ ಕೆಳಗೆ ಮೂರು ಕಡೆಯಿಂದ ಎರಚಲು ಹೊಡೆಯುತ್ತಿತ್ತು. ಅಕ್ಕ ತಲೆಗೆ ಗೋಣಿಚೀಲ ಹೊದ್ದು, ಒದ್ದೆ ಸೌದೆಗೆ ಒರಗಿ ಕೂತಿರುತ್ತಿದ್ದಳು. ಎದುರಿಗೆ, ಬೆಚ್ಚಗಿನ ಕೋಣೆಯೊಳಗೆ ಫೋಟೊ ಪೇಪರ್ ಒಣಗಿಕೊಂಡು ಕೂತಿತ್ತು. ಪೇಪರಿಗೆ ಥಂಡಿ ಆಗಬಾರದಲ್ಲ! ಒಂದು ದಿನ ಸ್ನೇಹಿತ ಛತ್ರಿ ಹಿಡಿದು ಹಾದುಹೋಗುತ್ತ ಅವಳನ್ನು ನೋಡಿ ನಿಂತ. ಆಮೇಲೆ ನನ್ನ ಹತ್ತಿರ, "ನಮ್ಮ ಮನೇಲಿ ಹೆಂಗಸ್ರು ಹಿಂಗೆ ಕೂರಲ್ಲ ಅಕ್ಕಾವ್ರೆ. ಕೊರಳಲ್ಲಿ ಲಿಂಗ ಇದ್ಮೇಲೆ ಈ ಮೈಲಿಗೆ ಎಲ್ಲ ಇಲ್ಲ ಅಂತಾರೆ" ಎಂದ.

"ಹಾಗಿದ್ರೆ ಅದನ್ನ ನಮ್ಮ ಮಾವನಿಗೆ ಹೇಳಿ" ಎಂದೆ.

"ನಿಮ್ಮನೆ ಪದ್ಧತಿ ನಿಮ್ದು. ನಾನ್ಯಾಕೆ ಮಧ್ಯ ಬರ್ಲಿ" ಎಂದು ಛತ್ರಿ ಮಡಚಿ ಕೋಣೆಯೊಳಗೆ ಹೋದ. ತಿಳಿಯದವರ ಮೇಲೆ ನನಗೆ ಅಷ್ಟು ಕೋಪ ಬರುವುದಿಲ್ಲ. ಇವನ ಮೇಲೆ ಬಂತು.

ಆಯುಧ ಪೂಜೆ ಬಂತು. ಆ ದಿನ ನಾನು ತಗಡಿನ ಕೆಳಗಿದ್ದೆ. ಕೋಣೆಯ ಬಾಗಿಲು ಪೂರ್ತಿ ತೆರೆದಿಟ್ಟು, ಮಾವಿನ ಸೊಪ್ಪು ಕಟ್ಟಿ, ಎನ್‌ಲಾರ್ಜರಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮೈದುನ ಬೂದುಗುಂಬಳ ತರಲು ಹೋಗಿದ್ದ. ಸ್ನೇಹಿತ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚುತ್ತಿದ್ದ, ಲೆನ್ಸಿಗೂ ಸೇರಿ. ಅತ್ತೆ ಮಣೆಯ ಮೇಲೆ ಸಾಮಾನು ಜೋಡಿಸುತ್ತ ಪೇಪರ್ ಡಬ್ಬಿಯ ಮುಚ್ಚಳ ತೆಗೆದರು.

"ಹಬ್ಬದ ದಿನ ಕರೀದು ಯಾರಾದ್ರೂ ಪೂಜೆಗಿಡ್ತಾರಾ?" ಎನ್ನುತ್ತ ಕರಿ ಕಾಗದವನ್ನೆಲ್ಲ ಬಿಚ್ಚಿ ಆಚೆ ಎಸೆದರು. ಒಳಗಿನ ಬಿಳಿ ಹಾಳೆಗಳನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿದ ಹೊಸ ಬಟ್ಟೆಯ ಮೇಲೆ ಬೀಸಣಿಗೆಯಂತೆ ಹರಡಿ, ಮೇಲೊಂದು ಹೂ ಇಟ್ಟರು. ಸ್ನೇಹಿತ ಬೆನ್ನು ಹಾಕಿಕೊಂಡಿದ್ದ. ನಾನು ಸೌದೆಯ ಹತ್ತಿರದಿಂದ ಎದ್ದು ನಿಂತು, "ಅತ್ತೆ, ಮುಚ್ಚಿ! ಪೇಪರ್ ಮುಚ್ಚಿ! ಬೆಳಕು ಬಿದ್ರೆ ಹಾಳಾಗತ್ತೆ!" ಎಂದು ಕಿರುಚಿದೆ. ಅದೇ ಹೊತ್ತಿಗೆ ಮಾವ ಕರ್ಪೂರ ಹಚ್ಚಿದ್ದರು. ಗಂಟೆ ಬಾರಿಸುತ್ತಿತ್ತು. ಬೂದುಗುಂಬಳ ಹಿಡಿದು ಬಂದ ಮೈದುನ ಬಾಗಿಲಲ್ಲೇ ನಿಂತ. ಪೇಪರ್ ನೋಡಿದ, ನನ್ನನ್ನು ನೋಡಿದ, ಉರಿಯುವ ಕರ್ಪೂರ ನೋಡಿದ. ಕೈಮುಗಿದ.

ಹಾಳೆಗಳೆಲ್ಲ ಕೆಟ್ಟುಹೋಗಿದ್ದವು. ಟ್ರೇಗೆ ಬಿಟ್ಟದ್ದೆಲ್ಲ ಇದ್ದಿಲಾಗಿ ಎದ್ದು ಬಂತು. ಒಪ್ಪಿಕೊಂಡ ಮದುವೆಯ ಫೋಟೊಗಳಿಗೆ ಪೇಪರ್ ಇಲ್ಲ. ಮನೆಯಲ್ಲಿ ಪಂಚಾಯಿತಿ ಕೂತಿತು. ಅತ್ತೆ ತೀರ್ಪು ಕೊಟ್ಟರು.

"ಮಂಗಳಾರತಿ ಹೊತ್ನಲ್ಲಿ ಹೊರಗಾದೋಳು ಎದ್ದು ನಿಂತು ಕಿರ್ಚ್ಕೊಂಡ್ಳಲ್ಲ, ಇನ್ನೇನಾಗತ್ತೆ? ಅವ್ಳ ಕಣ್ಣೇ ಬಿದ್ದಿದ್ದು."

ಮೈದುನ ತಲೆ ತಗ್ಗಿಸಿ ಕೂತಿದ್ದ. ಬೆಳಕು ಅಂದರೆ ಏನೆಂದು ಓದಿ ಡಿಗ್ರಿ ತಗೊಂಡವನು. ಸ್ನೇಹಿತ ಕಂಬಕ್ಕೆ ಒರಗಿ ಬೀದಿ ನೋಡುತ್ತಿದ್ದ. ನನ್ನ ಗಂಡ, "ನಿನಗೆ ಯಾಕೆ ಬೇಕಿತ್ತು ಕೂಗೋದು?" ಎಂದರು. ಅಂದಿನಿಂದ ಪ್ರಿಂಟ್ ಜಾಲಿಸುವುದೂ ಇಲ್ಲ, ಕೋಣೆಯ ಕಡೆ ಸುಳಿಯುವುದೂ ಇಲ್ಲ ಎಂದು ಅಪ್ಪಣೆಯಾಯಿತು.

ಮಾರನೆಯ ದಿನ ಬಾವಿಯ ಹತ್ತಿರ ಮೈದುನನನ್ನು ಹಿಡಿದು ನಿಲ್ಲಿಸಿದೆ. "ನಿಮಗೆ ಗೊತ್ತಲ್ವಾ, ಯಾಕೆ ಹಾಳಾಯ್ತು ಅಂತ?"

"ಗೊತ್ತು ಅತ್ತಿಗೆ. ಆದ್ರೆ ಹಬ್ಬದ ದಿನ ಅಮ್ಮನ ಕೈಯಿಂದ್ಲೇ ಹಾಳಾಯ್ತು ಅಂತ ಹೆಂಗೆ ಹೇಳ್ಲಿ? ಅವ್ರು ನೊಂದ್ಕೊತಾರೆ. ನೀವಾದ್ರೆ ಅಡ್ಜಸ್ಟ್ ಮಾಡ್ಕೊತೀರಿ."

ನನ್ನ ಮೈ ಉರಿದುಹೋಯಿತು. ಅವನು ಕೆಟ್ಟವನಲ್ಲ, ಅದೇ ಇನ್ನೂ ಸಿಟ್ಟು ಬರಿಸುವ ಸಂಗತಿ. ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಹೇಳಿದ! ನನಗೆ ನೋವಾಗುತ್ತದೆಯೇ ಎಂಬ ಪ್ರಶ್ನೆ ಅವನ ತಲೆಗೆ ಬರಲೇ ಇಲ್ಲ. ಇವತ್ತಿಗೂ ಯಾರಾದರೂ 'ಅಡ್ಜಸ್ಟ್' ಎಂದರೆ ನಾನು ಆ ಜಾಗ ಬಿಟ್ಟು ಏಳುತ್ತೇನೆ.

ಮುಂದಿನ ಸಲ ನಾನು ಹೊರಗಾದದ್ದು ಒಂದು ಭಾನುವಾರ. ಗಂಡಸರಿಬ್ಬರೂ ಟ್ರೇಗಳಿಗೆ ಔಷಧಿ ಸುರಿದಿಟ್ಟು, ಉಪ್ಪಿಟ್ಟು ತಿನ್ನಲು ಒಳಗೆ ಹೋಗಿದ್ದರು. ಹೊಸ ಪೇಪರ್ ಹೇಗೋ ಸಂಪಾದಿಸಿ ತಂದಿದ್ದರು. ನಾನು ಚಾಪೆ ಸುತ್ತಿಕೊಂಡು ಹಿತ್ತಲಿಗೆ ಬಂದೆ. ತಗಡಿನ ಕಡೆ ತಿರುಗಬೇಕಾದ ಕಾಲು ತಿರುಗಲಿಲ್ಲ. ನೇರವಾಗಿ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡೆ.

ಅತ್ತೆ ಮೊದಲು ನೋಡಿದ್ದು. "ಏಯ್! ಅಲ್ಲೆಲ್ಲಿ ಹೋದೆ? ಇವತ್ತು ನೀನು ಹೊರಗಲ್ವೇನೇ?"

"ಹೌದು ಅತ್ತೆ, ಹೊರಗೆ. ಇದು ಹೊರಗಿನ ಕೋಣೆ ತಾನೆ? ಬಂದು ಕೂತಿದೀನಿ."

ಗಂಡಸರು ಕೈತೊಳೆಯದೆ ಓಡಿ ಬಂದರು. ಬಾಗಿಲು ಬಡಿದರು. ನಾನು ಕೆಂಪು ದೀಪ ಹಾಕಿ ಒಂದೊಂದನ್ನೂ ಮುಟ್ಟತೊಡಗಿದೆ. ಮುಟ್ಟಿದ್ದನ್ನು ಹೊರಗಿನವರಿಗೆ ಕೇಳುವ ಹಾಗೆ ಕೂಗಿ ಹೇಳಿದೆ.

"ಎನ್‌ಲಾರ್ಜರ್ ಮುಟ್ಟಿದೀನಿ! ಲೆನ್ಸ್ ಮುಟ್ಟಿದೀನಿ! ಮೂರು ಟ್ರೇನೂ ಮುಟ್ಟಿದೀನಿ! ಸೀಸೆ ಮುಟ್ಟಿದೀನಿ! ಪೇಪರ್ ಡಬ್ಬಿ ಮುಟ್ಟಿದೀನಿ!"

ಹೊರಗೆ ಅತ್ತೆ ಅಯ್ಯಯ್ಯೋ ಎಂದು ಎದೆ ಬಡಿದುಕೊಂಡರು. ಬಾಗಿಲು ಮುರಿಯುವುದು ಕಷ್ಟವಿರಲಿಲ್ಲ. ಆದರೆ ಮುರಿದ ಮೇಲೆ ನನ್ನನ್ನು ಎಳೆದು ಹಾಕಬೇಕು, ಎಳೆಯಲು ಮುಟ್ಟಬೇಕು. ಯಾರು ಮುಟ್ಟುತ್ತಾರೆ? ಅವರು ಕಟ್ಟಿಕೊಂಡ ಬೇಲಿ ಆ ದಿನ ನನ್ನ ಕಡೆಗಿತ್ತು. ಸ್ನೇಹಿತ ಮಾತ್ರ, "ನಮಗೆ ಇದೆಲ್ಲ ಲೆಕ್ಕಕ್ಕಿಲ್ಲ, ಬೇಕಾದ್ರೆ ನಾನು ಹೋಗಿ ಸಾಮಾನು ಎತ್ಕೊಂಡ್ ಬರ್ತೀನಿ" ಎಂದ. ಸಾಮಾನಿನ ವಿಷಯ ಬಂದಾಗ ಅವನ ಧರ್ಮ ನೆನಪಾಯಿತು! ಮಾವ ಗದರಿದರು. "ಈ ಮನೇಲಿದ್ಮೇಲೆ ಈ ಮನೆ ಮಡಿ. ಸುಮ್ನೆ ನಿಂತ್ಕೊಳಯ್ಯ."

ನಾನು ಕೆಂಪು ದೀಪ ಆರಿಸಿ, ಬಾಗಿಲಿನ ಮೇಣ ಕಿತ್ತು, ಬಟ್ಟೆ ಉಂಡೆಯನ್ನು ಬೆರಳಿನಿಂದ ಎಳೆದೆ. ಹಿತ್ತಲು ಒಳಗೆ ಬಂತು. ತೆಂಗಿನ ಮರ ಬಂತು, ಬಾವಿ ಬಂತು. ಅತ್ತೆ, ಮಾವ, ಗಂಡ, ಮೈದುನ, ಅವನ ಸ್ನೇಹಿತ, ಎಲ್ಲರೂ ಗೋಡೆಯ ಮೇಲೆ ಕಾಲು ಮೇಲೆ ಮಾಡಿಕೊಂಡು ನೇತಾಡುತ್ತ ಕೈ ಬೀಸಿ ಬೈಯುತ್ತಿದ್ದರು. ನಾನು ಗಟ್ಟಿಯಾಗಿ ನಕ್ಕೆ. ಆಮೇಲೆ ನಗು ನಿಂತು, ಹೊಟ್ಟೆಯಲ್ಲಿ ಕೂತಿದ್ದ ಆಸೆ ಎದ್ದಿತು.

ತೂತಿಗೆ ಬಟ್ಟೆ ಉಂಡೆ ಮತ್ತೆ ತುರುಕಿ, ಕೆಂಪು ದೀಪ ಹಾಕಿ, ಒಂದು ದೊಡ್ಡ ಹಾಳೆ ತೆಗೆದು, ಕೂರುವ ಮಣೆಗೆ ಡ್ರಾಯಿಂಗ್ ಪಿನ್ನಿನಿಂದ ಚುಚ್ಚಿದೆ. ದೀಪ ಆರಿಸಿದೆ. ಸೆರಗು ಹಿಡಿಯುತ್ತಿದ್ದ ದೂರ ನನ್ನ ಕೈಗೆ ಗೊತ್ತಿತ್ತು, ಅಲ್ಲೇ ಮಣೆಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಉಂಡೆ ಎಳೆದೆ. ಎಷ್ಟು ಹೊತ್ತು ಬಿಡಬೇಕೋ ತಿಳಿಯದು. ಅತ್ತೆಯ ಬೈಗುಳ ನನ್ನ ತವರಿನಿಂದ ಶುರುವಾಗಿ, ನನ್ನ ಓದಿಗೆ ಬಂದು, ಹುಟ್ಟದ ಮಕ್ಕಳವರೆಗೆ ಒಂದು ಸುತ್ತು ಮುಗಿಯುವ ತನಕ ಬಿಟ್ಟು, ಮತ್ತೆ ತೂತು ಮುಚ್ಚಿದೆ.

ಕೆಂಪು ದೀಪ ಹಾಕಿ ಹಾಳೆಯನ್ನು ಮೊದಲನೆಯ ಟ್ರೇಗೆ ಬಿಟ್ಟು ಅಲುಗಾಡಿಸಿದೆ. ಬಂತು. ಬೆಳಕಿದ್ದದ್ದು ಕಪ್ಪಾಗಿ, ಕಪ್ಪಿದ್ದದ್ದು ಬೆಳ್ಳಗಾಗಿ, ಹಿತ್ತಲು ಬಂತು. ಅಂದು ಸಂಜೆ ಅದನ್ನು ಇನ್ನೊಂದು ಹಾಳೆಗೆ ಮುಖಾಮುಖಿ ಒತ್ತಿ, ಮೇಲೆ ಗಾಜಿಟ್ಟು, ಎನ್‌ಲಾರ್ಜರಿನ ಬೆಳಕು ಹಾಯಿಸಿ ಕಪ್ಪು ಬಿಳುಪನ್ನು ಸರಿಯಾಗಿ ತಿರುಗಿಸಿದೆ. ಎರಡು ಹಾಳೆ ಹಾಳಾದವು, ಮೂರನೆಯದು ಸರಿಯಾಯಿತು. ಕುಡಿಯಲು ತಂದಿಟ್ಟ ನೀರಿನಲ್ಲೇ ಜಾಲಿಸಿದೆ. ಮೂರು ದಿನವೂ ಊಟ ಪದ್ಧತಿಯಂತೆ ಬಾಗಿಲಿಗೆ ಬಂತು. ಪದ್ಧತಿ ಬಿಡುವ ಹಾಗಿಲ್ಲವಲ್ಲ! ತಂದಿಡುತ್ತಿದ್ದವಳು ಅಕ್ಕ. ಒಂದು ಮಾತೂ ಆಡದೆ ತಟ್ಟೆಯಿಟ್ಟು ಹೋಗುತ್ತಿದ್ದಳು. ಎರಡನೆಯ ದಿನ ತಟ್ಟೆಯಲ್ಲಿ ತುಪ್ಪ ಜಾಸ್ತಿಯಿತ್ತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಗಂಡ ಮಾತು ಬಿಟ್ಟಿದ್ದರು. ಅತ್ತೆ ಎನ್‌ಲಾರ್ಜರಿಗೂ ಸೀಸೆಗಳಿಗೂ ಅರಿಶಿನದ ನೀರು, ಗಂಜಲ ಪ್ರೋಕ್ಷಣೆ ಮಾಡಿಸಿದರು. ಮೈದುನ ತೂತಿಗೆ ಮತ್ತೆ ಮೇಣ ಮೆತ್ತಿದ. "ಅವಳಿಗೆ ತಲೆ ಕೆಟ್ಟಿತ್ತು, ಹೋಗ್ಲಿ ಬಿಡಿ" ಎಂದು ಎಲ್ಲರೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು. ಮುಂದಿನ ಭಾನುವಾರ ಕೆಂಪು ದೀಪ ಎಂದಿನಂತೆ ಹತ್ತಿತು. ಎಲ್ಲ ಮೊದಲಿನ ಹಾಗೇ ಆಗಿಹೋಯಿತಲ್ಲ ಎಂದು ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ರೋಷ.

ಯಾರೂ ಇಲ್ಲದಾಗ ಬಾವಿಕಟ್ಟೆಯ ಮೇಲೆ ಅಕ್ಕನಿಗೆ ಆ ಫೋಟೊ ತೋರಿಸಿದೆ. ಮರ ಇತ್ತು. ಬಾವಿ, ರಾಟೆ ಇತ್ತು. ಅಷ್ಟು ಜನ ನಿಂತು ಕೂಗಾಡಿದ ಜಾಗದಲ್ಲಿ ಬರೀ ಹೊಗೆಯಂಥ ಕಲೆ. ಕೈ ಬೀಸಿದವರು, ಓಡಾಡಿದವರು, ಬಾಗಿಲು ಬಡಿದವರು ಒಬ್ಬರೂ ಮೂಡಿರಲಿಲ್ಲ. ಅವರೆಲ್ಲರ ಹಿಂದೆ, ಬಾವಿಯ ಪಕ್ಕದಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಅಂಚು ಸ್ವಲ್ಪ ಮಸುಕು, ಆದರೆ ಅವಳೇ. ಅವಳು ಅಲ್ಲಿದ್ದಾಳೆಂದು ನಾನೂ ಆ ದಿನ ಗಮನಿಸಿರಲಿಲ್ಲ.

ಅಕ್ಕ ತುಂಬ ಹೊತ್ತು ನೋಡಿದಳು. ಮನೆಯಲ್ಲೇ ಸ್ಟುಡಿಯೊ ಇದ್ದರೂ ಅವಳದೊಂದು ಫೋಟೊ ಯಾರೂ ತೆಗೆದಿರಲಿಲ್ಲ.

"ಇವ್ರೆಲ್ಲ ಎಲ್ಲಿ ಹೋದ್ರು?" ಎಂದಳು.

"ಅಲ್ಲಾಡಿದ್ರು ಅಕ್ಕ. ಅಲ್ಲಾಡಿದೋರು ಬರಲ್ಲ. ಅಲ್ಲಾಡದೆ ನಿಂತಿದ್ದೋಳು ನೀನೊಬ್ಳೇ."

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಇಷ್ಟು ವರ್ಷ ಹಿಂಗೇ ನಿಂತಿದೀನಲ್ಲೇ" ಎಂದಳು. ಫೋಟೊ ನನ್ನ ಕೈಗೆ ಕೊಟ್ಟು, ಕೊಡ ಎತ್ತಿಕೊಂಡು ಒಳಗೆ ಹೋದಳು.

ಅವಳ ಸರದಿ ಬಂದದ್ದು ಆಮೇಲೆ ಕೆಲವೇ ದಿನಕ್ಕೆ. ಅಂದೂ ರಜೆಯೇ, ಬೆಳಿಗ್ಗೆಯೇ. ಗಂಡಸರಿಬ್ಬರೂ ಜಗುಲಿಯಲ್ಲಿ ಯಾರನ್ನೋ ಕೂರಿಸಿ ಫೋಟೊ ತೆಗೆಯುತ್ತಿದ್ದರು. ನಾನು ಒಲೆಯ ಮುಂದಿದ್ದೆ. ಹಿತ್ತಲ ಕಡೆಯಿಂದ ಚಿಲಕ ಹಾಕಿದ ಸದ್ದು ಬಂತು. ಅದರ ಹಿಂದೆಯೇ ಒಂದು ಗಂಟಲು, ಬಾಡಿಗೆಯವರ ಮನೆಯವರೆಗೂ ಕೇಳುವಂಥ ಗಂಟಲು, ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರದ ಗಂಟಲು. ಅತ್ತೆಯ ಕೈಯಿಂದ ಮೊರ ಬಿತ್ತು.

ಮೈದುನ, ನೀನು ಮೈಕಿನಲ್ಲಿ ಹೇಳದೆ ಬಿಟ್ಟದ್ದು ಇದು. ಬಿಸಿನೆಸ್ ಬೆಳೆದು ನೀನು ಮೇನ್ ರೋಡಿಗೆ ಹೋಗಲಿಲ್ಲ. ಇವರು ಪ್ರತಿ ತಿಂಗಳೂ ಹೀಗೇ ಮಾಡುತ್ತಾರೆ ಎಂದು ನಿನ್ನ ಅಪ್ಪ ಅಮ್ಮನಿಗೆ ಹೆದರಿಕೆ ಹತ್ತಿ ನಿನ್ನ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಿದ್ದು. ಕೋಣೆ ನಮಗೆ ವಾಪಸು ಬಂತು. ನಾವು ಗೆದ್ದದ್ದು ಅದೇ ಕತ್ತಲ ಕೋಣೆಯನ್ನು, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಆ ಬೆಳಿಗ್ಗೆ ನಾನು ಸೌಟು ಹಿಡಿದುಕೊಂಡೇ ಹಿತ್ತಲಿಗೆ ಓಡಿ ಬಾಗಿಲಿನ ಹೊರಗೆ ನಿಂತು ಕೇಳಿದ್ದೇನೆ. ಎನ್‌ಲಾರ್ಜರಿನ ಹೆಸರನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಆ ಉದ್ದ ಕತ್ತಿಂದು ಮುಟ್ಟಿದೀನಿ!" ಎಂದು ಅಕ್ಕ ಕೂಗುತ್ತಿದ್ದಳು. "ಕೇಳಿಸ್ತಾ? ಎಲ್ಲಾ ಮುಟ್ಟಿದೀನಿ!"